ಕಡಲ ಪ್ರಾಣಿಯ ಕೊನೆಯ ಅರ್ಧ ತಾಸು

ಹುನಗುಂದ

ಜಪಾನಿಗೆ ಹೋಗಿ ಬಂದೆ ಎಂದಾಗ ಎಲ್ಲರೂ ಮೊದಲು ಕೇಳಿದ್ದು ಊಟದ ಮಾತು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಒಯ್ದಿದ್ದೆ ಎಂದರೆ ಅವರ ಜೀವಕ್ಕೆ ಸಮಾಧಾನ. ಆಮೇಲೆ ಚಳಿಯ ಮಾತು, ಅದಾದ ಮೇಲೆ ಭೂಕಂಪದ ಮಾತು. ಆದರೆ ಹುನಗುಂದದಲ್ಲಿ ಅರವತ್ತು ದಾಟಿದ ಕೆಲವರಿದ್ದಾರೆ. ಒಬ್ಬರು ದರ್ಜಿ, ಒಬ್ಬರು ನಿವೃತ್ತ ಕಂಡಕ್ಟರ್, ಇನ್ನೊಬ್ಬರು ಕಿರಾಣಿ ಅಂಗಡಿಯವರು. ಅವರು ಊಟ ಕೇಳಲಿಲ್ಲ, ಚಳಿ ಕೇಳಲಿಲ್ಲ. ‘ಅಕ್ಕಾರ, ಕಡೀಕ ಅದು ಸತ್ತಿತೋ, ಉಳೀತೋ?’ ಎಂದು ಕೇಳಿದರು. ಅವರಿಗೆ ಉತ್ತರ ಹೇಳಲೆಂದೇ ಇದನ್ನು ಬರೆಯಲು ಕುಳಿತಿದ್ದೇನೆ. ಉಳಿದವರು ಓದಿದರೆ ಬೇಡ ಅನ್ನುವುದಿಲ್ಲ.

‘ಅದು’ ಎಂದರೆ ಒಂದು ಸಿನಿಮಾದ ಪ್ರಾಣಿ. ಎಮ್ಮೆಯ ಕೋಡು, ಉಡದ ಬಾಲ, ಆಮೆಯ ಬೆನ್ನು. ಎರಡು ಕಾಲಿನ ಮೇಲೆ ನಡೆಯುತ್ತದೆ. ಬಾಗಲಕೋಟೆಯಲ್ಲಿ ಎಷ್ಟು ದೊಡ್ಡ ನೀರಿನ ಟಾಕಿ ಇದ್ದರೂ ಅದರ ಮೊಣಕಾಲಿಗೆ ಬಂದೀತು. ಅದರ ಸಿನಿಮಾದ ಹೆಸರು ನಮಗೆ ಗೊತ್ತಿರಲಿಲ್ಲ. ಕ್ಯಾಸೆಟ್ಟಿನ ಮೇಲೆ ನಮ್ಮ ಮನೆಯವರು ಪೆನ್ನಿನಲ್ಲಿ ‘ಕಡಲ ಪ್ರಾಣಿ’ ಎಂದು ಬರೆದಿದ್ದರು.

ನಮ್ಮ ಮನೆಯವರು ಆ ಕಾಲದಲ್ಲಿ ಹುನಗುಂದದಲ್ಲಿ ಒಂದು ಖೋಲಿ ಬಾಡಿಗೆ ಹಿಡಿದು ವಿಡಿಯೋ ತೋರಿಸುತ್ತಿದ್ದರು. ಒಂದು ಟಿ.ವಿ., ಒಂದು ವಿ.ಸಿ.ಆರ್., ಎರಡು ಜಮಖಾನೆ, ಇಷ್ಟೇ ಅವರ ಟಾಕೀಸು. ಉಳಿದ ವಿಡಿಯೋದವರು ಹೊಡೆದಾಟದ ಹಿಂದಿ ಸಿನಿಮಾ ಹಾಕಿ ಮನೆ ಕಟ್ಟಿಸಿದರು. ಇವರ ಹುಚ್ಚೇ ಬೇರೆ. ಪರದೇಶದ ಹಳೆಯ ಭೂತದ ಸಿನಿಮಾಗಳನ್ನು ಮುಂಬೈಯಿಂದ ತರಿಸುತ್ತಿದ್ದರು. ರಕ್ತ ಕುಡಿಯುವ ಕರಿ ನಿಲುವಂಗಿಯ ದೊರೆ, ಹುಣ್ಣಿಮೆಗೆ ತೋಳವಾಗುವ ಬಡಪಾಯಿ, ಸುತ್ತಿದ ಬಟ್ಟೆಯ ಸಮೇತ ಗೋರಿಯಿಂದ ಎದ್ದು ಬರುವ ಹೆಣ, ಕೆಸರಿನ ಹೊಂಡದಲ್ಲಿ ಇರುವ ಮೀನು ಮನುಷ್ಯ, ಇವರೆಲ್ಲ ನಮ್ಮ ಮನೆಯ ಬಳಗದವರಂತೆ ಇದ್ದರು.

ಆ ಸಿನಿಮಾಗಳ ಭಾಷೆ ಯಾರಿಗೂ ತಿಳಿಯುತ್ತಿರಲಿಲ್ಲ, ಅವರಿಗೂ ತಿಳಿಯುತ್ತಿರಲಿಲ್ಲ. ಅದಕ್ಕೇ ಟಿ.ವಿ.ಯ ದನಿ ಸಣ್ಣದು ಮಾಡಿ, ಪಕ್ಕದಲ್ಲಿ ನಿಂತು, ಕೈಯಲ್ಲಿ ಜೋಳದ ದಂಟು ಹಿಡಿದು ಕಥೆಯನ್ನು ತಾವೇ ಹೇಳುತ್ತಿದ್ದರು. ‘ನೋಡ್ರಿ, ದೊರಿ ಬಂದಾನ. ಹಲ್ಲ ನೋಡಿ ಅಂಜಬ್ಯಾಡ್ರಿ, ಕಣ್ಣ ನೋಡ್ರಿ. ಮುನ್ನೂರ ವರ್ಷ ಆತು, ಮನ್ಯಾಗ ಒಬ್ಬನ ಅದಾನ. ಮಾತಾಡಾಕ ಒಂದು ನಾಯಿ ಸುದ್ದಾ ಇಲ್ಲ.’ ಹೀಗೆ ಹೇಳಿದರೆ ಜಮಖಾನೆಯ ಮೇಲೆ ಕುಳಿತ ಹಮಾಲರು ಸಹ ಪಾಪ ಅನ್ನುತ್ತಿದ್ದರು. ಇಂಥವನ್ನೇ ಯಾಕೆ ತೋರಿಸುತ್ತೀರಿ ಎಂದು ಒಮ್ಮೆ ಕೇಳಿದೆ. ‘ದೊಡ್ಡಾಟದಾಗ ರಾಜಾ ಬಂದಾಗ ಮಂದಿ ಎಲಿ ಅಡಿಕಿ ಹಾಕ್ಕೋತಾರ. ರಾಕ್ಷಸ ಬಂದಾಗ ನೆಟ್ಟಗ ಕುಂದರತಾರ. ಆದ್ರ ಅವ ಯಾಕ ಬಂದಾನಂತ ಒಬ್ಬರೂ ಕೇಳೂದಿಲ್ಲ. ನಾ ಕೇಳ್ತೇನಿ, ಅಷ್ಟ’ ಎಂದರು.

ಇಳಕಲ್ಲಿನ ಮದುವೆ ಮನೆ

ಪ್ರವಾಸ ಶುರುವಾಗುವ ಮೊದಲು ನನ್ನ ಮದುವೆಯ ಕಥೆ ಹೇಳಲೇಬೇಕು. ನನ್ನ ತವರು ಇಳಕಲ್ಲ. ಆಗೆಲ್ಲ ಮದುವೆ ಮನೆಯಲ್ಲಿ ಟಿ.ವಿ., ವಿ.ಸಿ.ಆರ್. ತರಿಸಿ ಬೀಗರಿಗೆ ಸಿನಿಮಾ ತೋರಿಸುವ ಪದ್ಧತಿ ಇತ್ತು. ನಮ್ಮ ಮದುವೆಯಲ್ಲಿ ಮದುಮಗನೇ ವಿಡಿಯೋದವನಾದ್ದರಿಂದ ಯಂತ್ರವೂ ಅವರದೇ, ಕ್ಯಾಸೆಟ್ಟೂ ಅವರದೇ. ಕಡಲ ಪ್ರಾಣಿ ಆಗಷ್ಟೇ ಮುಂಬೈಯಿಂದ ಬಂದಿತ್ತು. ಅವರೂ ಅದನ್ನು ನೋಡಿರಲಿಲ್ಲ. ಮದುವೆಯ ಹಿಂದಿನ ದಿನ ಮೈಗೆಲ್ಲ ಅರಿಷಿಣ ಹಚ್ಚಿಸಿಕೊಂಡು, ಮಕ್ಕಳ ನಡುವೆ ಕುಳಿತು ಅದನ್ನು ನೋಡುತ್ತಿದ್ದರು. ಪ್ರಾಣಿ ಸಮುದ್ರದಿಂದ ಎದ್ದಿತು, ಒಂದು ಸೇತುವೆ ಮುರಿಯಿತು, ದಂಡೆಯ ಮೇಲೆ ನಿಂತ ಒಬ್ಬ ಹುಡುಗಿಯನ್ನು ಬಗ್ಗಿ ನೋಡಿತು, ಊರ ಕಡೆ ತಿರುಗಿತು. ಅಷ್ಟರಲ್ಲಿ ನಮ್ಮ ದೊಡ್ಡಪ್ಪ, ‘ಮದುಮಗಾ ಎಲ್ಲಿ? ಸುರಗಿ ನೀರು ಆರಾಕ ಹತ್ಯಾವು!’ ಎಂದು ಬೈದು ಅರಿಷಿಣದ ಸ್ನಾನಕ್ಕೆ ಎಬ್ಬಿಸಿಕೊಂಡು ಹೋದರು. ಕ್ಯಾಸೆಟ್ಟು ಅಲ್ಲಿಗೇ ನಿಂತಿತು.

ಮರುದಿನ ಮದುವೆಯ ವಿಡಿಯೋ ತೆಗೆಯುತ್ತಿದ್ದವರು ನಮ್ಮ ಮನೆಯವರ ಗೆಳೆಯರು. ಅಕ್ಕಿಕಾಳಿನ ಹೊತ್ತಿಗೆ ಸರಿಯಾಗಿ ಕ್ಯಾಮೆರಾದೊಳಗಿನ ಕ್ಯಾಸೆಟ್ಟು ಮುಗಿಯಿತು. ‘ಇನ್ನೊಂದು ಕೊಡ್ರಲೇ ಲಗೂನ’ ಎಂದು ಆ ಗೆಳೆಯರು ಕೂಗಿದರು, ಯಾರೋ ಟಿ.ವಿ. ಹತ್ತಿರ ಇದ್ದದ್ದನ್ನು ತಂದುಕೊಟ್ಟರು. ಮೇಲೆ ಬರೆದದ್ದನ್ನು ಆ ಗದ್ದಲದಲ್ಲಿ ಓದುವವರು ಯಾರು? ಕ್ಯಾಸೆಟ್ಟಿನ ಹಿಂದಿನ ಸಣ್ಣ ಪ್ಲಾಸ್ಟಿಕ್ ಹಲ್ಲು ಮುರಿದಿಟ್ಟಿದ್ದರೆ ಅದರ ಮೇಲೆ ಬೇರೆ ಚಿತ್ರ ಕೂಡುತ್ತಿರಲಿಲ್ಲ. ಎಲ್ಲ ಕ್ಯಾಸೆಟ್ಟಿನ ಹಲ್ಲು ಮುರಿಯುವ ನಮ್ಮ ಮನೆಯವರು ಇದೊಂದನ್ನು ಮರೆತಿದ್ದರು. ಅಕ್ಕಿಕಾಳು, ಬೀಗರ ಫೋಟೋ, ಊಟದ ಪಂಕ್ತಿ, ನಾನು ಅಳುತ್ತ ಗಂಡನ ಮನೆಗೆ ಹೊರಟದ್ದು, ಎಲ್ಲವೂ ಪ್ರಾಣಿಯ ಕೊನೆಯ ಅರ್ಧ ತಾಸಿನ ಮೇಲೆ ಕುಳಿತುಬಿಟ್ಟಿತು.

ಹುನಗುಂದದಲ್ಲಿ ಮಂದಿ ಸೇರಿ ಮದುವೆಯ ವಿಡಿಯೋ ನೋಡಲು ಕುಳಿತಾಗ ಗುಟ್ಟು ಹೊರಬಿತ್ತು. ಊರ ಕಡೆ ತಿರುಗಿದ ಪ್ರಾಣಿ ನಾಲ್ಕು ಗೆರೆ ಹೊಡೆದು ಮಾಯವಾಯಿತು, ಅದರ ಜಾಗದಲ್ಲಿ ಬಾಸಿಂಗ ಕಟ್ಟಿಕೊಂಡು ತಲೆ ತಗ್ಗಿಸಿ ನಾನು ನಿಂತಿದ್ದೆ. ಅತ್ತೆ ಸೆರಗು ಬಾಯಿಗೆ ಒತ್ತಿ ನಕ್ಕರು. ಇವರು ತಲೆ ಹಿಡಿದುಕೊಂಡು ಒಳಗೆ ಬಂದು, ಒಲೆಯ ಮುಂದೆ ಒಬ್ಬಳೇ ಇದ್ದ ನನಗೆ ಹೇಳಿದ ಮೊದಲ ಮಾತು ಇದು: ‘ಅಲ್ಲಾ, ಅದು ಸತ್ತಿತೋ ಉಳೀತೋ, ಈಗ ಹೆಂಗ ಗೊತ್ತಾಗಬೇಕು?’ ನಮ್ಮಪ್ಪ ನನ್ನನ್ನು ಹುಚ್ಚನಿಗೆ ಕೊಟ್ಟನಲ್ಲ ಎಂದು ಆ ದಿನ ಅತ್ತಿದ್ದೆ.

ಮುಂದಿನ ರವಿವಾರ ಅದನ್ನೇ ಖೋಲಿಯಲ್ಲಿ ಹಾಕಿದರು. ಮದುವೆ ಬರುವ ಮೊದಲೇ ಬಂದ್ ಮಾಡುವ ವಿಚಾರವಿತ್ತಂತೆ, ಹೇಳುವ ಭರದಲ್ಲಿ ಮರೆತರು. ಮದುವೆ ಬಂತು, ಮಂದಿ ಬೊಬ್ಬೆ ಹೊಡೆಯತೊಡಗಿದರು. ಇವರು ದಂಟು ನೆಲಕ್ಕೆ ಬಡಿದು, ‘ಗದ್ದಲ ಮಾಡಬ್ಯಾಡ್ರಿ! ಪ್ರಾಣಿ ಇಳಕಲ್ಲಿಗೆ ಮದವಿಗಿ ಬಂದೈತಿ. ಹಂದರದ ಹಿಂದ ಕುಂತೈತಿ. ಕ್ಯಾಮೆರಾದಾಗ ಹಿಡಿಸಲಾರದಷ್ಟು ಎತ್ತರ ಐತಿ, ಅದಕ್ಕ ಕಾಣವಲ್ದು’ ಎಂದರು. ಖೋಲಿ ನಗೆಯಲ್ಲಿ ಅಲುಗಾಡಿತು. ಅವತ್ತಿನಿಂದ ಹುನಗುಂದದವರಿಗೆ ಅದೇ ಸಿನಿಮಾ ಬೇಕು. ಪ್ರಾಣಿ ಪ್ರತಿ ಸಲ ಬೇರೆ ಏನೋ ಮಾಡುತ್ತಿತ್ತು. ಒಮ್ಮೆ ಹೋಳಿಗೆ ಉಂಡು ಕೈ ತೊಳೆಯಲು ಬಾವಿ ಹುಡುಕಿತು, ಒಮ್ಮೆ ಮದುಮಗಳು ಅಳುವುದನ್ನು ನೋಡಿ ತಾನೂ ಅತ್ತಿತು. ಸಂತೆಯಲ್ಲಿ ಹೆಂಗಸರು ನನ್ನನ್ನು ನಿಲ್ಲಿಸಿ, ‘ಪ್ರಾಣಿ ಏನ್ ಆಹೇರಿ ಮಾಡಿತವ್ವಾ?’ ಎಂದು ಉಡುಗೊರೆಯ ಲೆಕ್ಕ ಕೇಳಿ ಕಾಡುತ್ತಿದ್ದರು. ಮೊದಲು ನಾಚಿಕೆಯಿಂದ ಸಾಯುತ್ತಿದ್ದೆ. ಆಮೇಲೆ ನಾನೂ ಹೋಗಿ ಹಿಂದೆ ಕುಳಿತುಕೊಳ್ಳುವುದು ರೂಢಿಯಾಯಿತು. ಇನ್ನೂರು ಸಲವಾದರೂ ನೋಡಿದ್ದೇನೆ. ಅದರಲ್ಲಿ ಅವರಿಗೆ ಇಪ್ಪತ್ತಾರು ವರ್ಷ. ತುರಾಯಿ ಜಾರುತ್ತಿರುತ್ತದೆ, ಅದನ್ನು ಸರಿ ಮಾಡಿಕೊಳ್ಳುತ್ತ ನನ್ನ ಕಡೆ ಕಳ್ಳನೋಟ ನೋಡುತ್ತಾರೆ. ಆ ವಯಸ್ಸಿನ ಅವರು ನನ್ನ ಕಡೆ ಹಾಗೆ ನೋಡಿದ್ದು ಸಿಗುತ್ತಿದ್ದದ್ದು ಅದೊಂದೇ ಕಡೆ.

ವಿಡಿಯೋ ಕಾಲ ಮುಗಿಯಿತು. ಕ್ಯಾಸೆಟ್ಟಿಗೆ ಬೂಸು ಬಂತು, ಆಮೇಲೆ ರೀಲು ತುಂಡಾಯಿತು, ಕೊನೆಗೆ ಅದನ್ನು ಎಸೆದೆವು. ಇವರು ರೇಡಿಯೋ, ಟಿ.ವಿ. ರಿಪೇರಿ ಮಾಡಿಕೊಂಡು ಇದ್ದರು. ಆದರೂ ಚಹಾ ಕುಡಿಯುವಾಗ ನಡುವೆಯೇ, ‘ಸತ್ತಿರಾಕಿಲ್ಲ ಬಿಡು’ ಎನ್ನುತ್ತಿದ್ದರು. ಇನ್ನೊಂದು ದಿನ, ‘ಸತ್ತಿದ್ರೂ ಸತ್ತಿರಬೇಕು’ ಎನ್ನುತ್ತಿದ್ದರು. ಮೂರು ವರ್ಷದ ಹಿಂದೆ ಅವರು ತೀರಿಕೊಂಡರು. ಆ ಪ್ರಶ್ನೆ ಮನೆಯಲ್ಲಿ ನನ್ನೊಬ್ಬಳ ಪಾಲಿಗೆ ಉಳಿಯಿತು.

ಒಸಾಕಾ

ನನ್ನನ್ನು ಜಪಾನಿಗೆ ಕರೆದೊಯ್ದದ್ದು ಕೊಂಡಿ. ಇಳಕಲ್ ಸೀರೆಯ ಮೈಯ ಎಳೆ ಬೇರೆ, ಸೆರಗಿನ ಎಳೆ ಬೇರೆ. ಮಗ್ಗಕ್ಕೆ ಏರಿಸುವ ಮುನ್ನ ಎರಡನ್ನೂ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸಬೇಕು. ಅದಕ್ಕೇ ಕೊಂಡಿ ಎನ್ನುತ್ತೇವೆ, ಹೆಂಗಸರೇ ಮಾಡುವ ಕೆಲಸ. ಒಸಾಕಾದಲ್ಲಿ ನಡೆದ ಕೈಮಗ್ಗದ ಒಂದು ಪ್ರದರ್ಶನದಲ್ಲಿ ಅದನ್ನು ಮಾಡಿ ತೋರಿಸಲು ನನ್ನನ್ನು, ನೇಯ್ದು ತೋರಿಸಲು ರಜಿಯಾಳನ್ನು ಆರಿಸಿದರು. ರಜಿಯಾ ಇಳಕಲ್ಲಿನ ನೇಕಾರರ ಮನೆಯ ಹುಡುಗಿ, ಅಪ್ಪನ ಮಗ್ಗ ತಾನು ನಡೆಸುತ್ತಾಳೆ, ನನಗೆ ಚಿಗವ್ವ ಎನ್ನುತ್ತಾಳೆ. ಹಿಂದಿ ನೀರು ಕುಡಿದಂತೆ ಮಾತಾಡುತ್ತಾಳೆ. ನನ್ನ ಪಾಸ್‌ಪೋರ್ಟಿನ ಅರ್ಜಿ ತುಂಬಿದವಳೂ ಅವಳೇ.

ಮೊದಲ ದಿನವೇ ಮಾನ ಹೋಯಿತು. ಅಲ್ಲಿ ಹೊರಗಿನ ಚಪ್ಪಲಿ ಬಾಗಿಲಲ್ಲಿ ಬಿಡಬೇಕು, ಅದು ನಮಗೂ ಗೊತ್ತಿದ್ದ ಮಾತು. ಆದರೆ ಪಾಯಖಾನೆಗೆ ಹೋಗಲು ಅಲ್ಲಿಯೇ ಇಟ್ಟ ಬೇರೆ ಚಪ್ಪಲಿ ಹಾಕಿಕೊಳ್ಳಬೇಕು, ಬರುವಾಗ ಅಲ್ಲಿಯೇ ಬಿಟ್ಟು ಬರಬೇಕು. ನಾನು ಅವನ್ನೇ ಮೆಟ್ಟಿಕೊಂಡು ಪ್ರದರ್ಶನದ ನಡುವೆ ರಾಣಿಯಂತೆ ನಡೆದುಬಂದೆ. ನೋಡಿದವರು ಒಬ್ಬರೂ ನಗಲಿಲ್ಲ, ಏನೂ ಹೇಳಲಿಲ್ಲ, ಕಣ್ಣು ಮಾತ್ರ ಬೇರೆ ಕಡೆ ತಿರುಗಿಸಿದರು. ಹುನಗುಂದದಲ್ಲಾದರೆ ನಾಲ್ಕು ಮಂದಿ ಕೂಗಿ ಹೇಳಿ, ಎಂಟು ಮಂದಿ ನಕ್ಕು, ಸಂಜೆಯೊಳಗೆ ಮರೆತುಬಿಡುತ್ತಿದ್ದರು. ಅಲ್ಲಿಯ ಮರ್ಯಾದೆ ನನಗೆ ಎರಡು ದಿನ ಚುಚ್ಚಿತು.

ನಮ್ಮ ಮಾತು ಮುಟ್ಟಿಸಲು ಯೂಕಿ ಎಂಬವಳನ್ನು ಕೊಟ್ಟಿದ್ದರು. ಕಾಲೇಜಿನಲ್ಲಿ ಹಿಂದಿ ಕಲಿತವಳು, ನಮಗಿಂತ ಶುದ್ಧ ಹಿಂದಿ. ನನ್ನ ಕನ್ನಡ ರಜಿಯಾಳ ಹಿಂದಿಯಾಗಿ, ಅವಳ ಹಿಂದಿ ಯೂಕಿಯ ಜಪಾನಿಯಾಗಿ ಮುಂದಿನವರಿಗೆ ಹೋಗುತ್ತಿತ್ತು. ಪ್ರದರ್ಶನದ ಮೂರನೆಯ, ಕೊನೆಯ ದಿನ ಮಂದಿ ಕಡಿಮೆ ಇದ್ದಾಗ ನಾನು ಒಂದು ಹಾಳೆಯ ಮೇಲೆ ಪೆನ್ಸಿಲಿನಿಂದ ಪ್ರಾಣಿಯನ್ನು ಬರೆದೆ. ಕೋಡು, ಬಾಲ, ಬೆನ್ನು, ಎಡಗಣ್ಣಿನ ಕೆಳಗಿನ ಗಂಟು, ಒಂದೂ ಬಿಡಲಿಲ್ಲ. ಇದು ನಿಮ್ಮ ದೇಶದ್ದು, ಗುರುತು ಇದೆಯಾ ಎಂದು ಕೇಳಿಸಿದೆ. ಯೂಕಿಗೆ ಗೊತ್ತಿರಲಿಲ್ಲ. ಫೋಟೋ ತೆಗೆದು ತಂದೆಗೆ ಕಳಿಸಿದಳು. ಹತ್ತು ನಿಮಿಷದಲ್ಲಿ ಅವರ ಫೋನು ಬಂತು. ಅಷ್ಟು ದೂರದಿಂದಲೂ ಅವರು ಕುಣಿಯುತ್ತಿದ್ದದ್ದು ನನಗೆ ಕೇಳಿಸಿತು.

ಯೂಕಿ ಹೇಳಿದ್ದು ಇಷ್ಟು. ಅದೊಂದು ಹಳೆಯ ಸಿನಿಮಾ, ಬಂದಾಗ ಓಡಲಿಲ್ಲ, ಮಾಡಿದ ಸಣ್ಣ ಕಂಪನಿ ಮುಳುಗಿತು. ಆದರೆ ಅದರ ಹುಚ್ಚು ಹಿಡಿದ ಕೆಲವರು ಈಗಲೂ ಇದ್ದಾರೆ, ತನ್ನ ತಂದೆಯೂ ಒಬ್ಬ ಎಂದು ಈಗ ತಾನೇ ತಿಳಿಯಿತು. ಸಿನಿಮಾ ತೆಗೆದ ಕಡಲ ದಂಡೆಯ ಊರಿನಲ್ಲಿ ಒಂದು ಸಣ್ಣ ಟಾಕೀಸು ಇದೆ. ಶನಿವಾರ ಮುಂಜಾನೆ ಅಲ್ಲಿ ಅದನ್ನೇ ಹಾಕುತ್ತಾರೆ.

‘ಚಿಗವ್ವಾ, ನಾಳೆ ಶನಿವಾರ ಐತಿ’ ಎಂದಳು ರಜಿಯಾ.

ರೈಲಿನಲ್ಲಿ

ರೈಲಿನಲ್ಲಿ ಒಬ್ಬರೂ ಮಾತಾಡುವುದಿಲ್ಲ. ಬಾದಾಮಿಯಿಂದ ಕುಳಗೇರಿ ಕ್ರಾಸಿಗೆ ಬಸ್ಸು ಮುಟ್ಟುವುದರೊಳಗೆ ಪಕ್ಕದವಳ ಮಗಳಿಗೆ ಎಷ್ಟನೆಯ ತಿಂಗಳು, ಅಳಿಯ ಎಂಥವ, ಎಲ್ಲ ನನಗೆ ತಿಳಿದಿರುತ್ತದೆ. ಅಲ್ಲಿ ಎರಡು ತಾಸು ಪಕ್ಕದಲ್ಲಿ ಕುಳಿತ ಅಜ್ಜಿ ಇಳಿಯುವಾಗ ತಲೆ ಬಾಗಿಸಿದಳು, ಅಷ್ಟೇ. ನನ್ನ ಕಡಕ್ ರೊಟ್ಟಿ ಮುರಿದರೆ ಇಡೀ ರೈಲಿನ ಡಬ್ಬಿಗೆ ಕೇಳುತ್ತಿತ್ತು. ಹಸಿವು ತಡೆಯದೆ ರೊಟ್ಟಿಯನ್ನು ಸೆರಗಿನೊಳಗೆ ಸುತ್ತಿ ಮುರಿದೆ, ಕಳುವಿನ ಮಾಲು ಬಚ್ಚಿಟ್ಟವರಂತೆ. ರಜಿಯಾ ನಕ್ಕು ನಕ್ಕು ಕಿಟಕಿಗೆ ಹಣೆ ಹಚ್ಚಿದಳು.

ನನಗೆ ನಗು ಬರಲಿಲ್ಲ, ಅಂಜಿಕೆ ಬಂತು. ನನಗೇನು, ಹೋಗಿ ನೋಡಿ ಬರಬಹುದು. ಆದರೆ ಮೂವತ್ತು ವರ್ಷ ಕೇಳಿದವರು ಇಲ್ಲ, ಕೇಳದವಳು ನೋಡುವುದು ಯಾವ ನ್ಯಾಯ? ಅದೂ ಅಲ್ಲದೆ, ಗೊತ್ತಾಗದೆ ಉಳಿದಿರುವಷ್ಟು ದಿನ ಅವರು ಎಲ್ಲೋ ಕುಳಿತು ಅದನ್ನೇ ವಿಚಾರ ಮಾಡುತ್ತಿದ್ದಾರೆ ಎಂದು ನನಗೆ ಅನಿಸುತ್ತಿತ್ತು. ನೋಡಿಬಿಟ್ಟರೆ ಅದೂ ಮುಗಿಯುತ್ತದೆ.

‘ಹೊಳ್ಳಿ ಹೋಗೂಣೇನವ್ವಾ?’ ಎಂದೆ.

‘ಯಾಕ?’

‘ಪ್ರಾಣಿ ಸತ್ತಿದ್ರ?’

ರಜಿಯಾ ಕಿಟಕಿಯಿಂದ ನನ್ನ ಕಡೆ ತಿರುಗಿದಳು. ‘ಸತ್ತಿದ್ರ ಅಳೂಣು ಚಿಗವ್ವಾ. ನಾ ಬಾಜೂಕ ಇರ್ತೇನಿ’ ಎಂದಳು. ಆ ಮಾತಿಗೆ ಮುಂದೆ ಹೋದೆ.

ಕಡಲ ದಂಡೆಯ ಊರು

ಊರ ಹೆಸರು ನನ್ನ ಬಾಯಿಗೆ ಹೊಂದಲಿಲ್ಲ, ಬರೆಯಲು ಹೋದರೆ ತಪ್ಪಾಗುತ್ತದೆ. ಮೀನು ಒಣಹಾಕಿದ ಓಣಿಗಳು, ಸಣ್ಣ ಮನೆಗಳು, ಎಲ್ಲ ಮನೆಯ ಮುಂದೂ ಗಿಡದ ಕುಂಡ. ಒಂದು ಓಣಿಯಲ್ಲಿ ಹೋಗುವಾಗ ಮಗ್ಗದ ಸಪ್ಪಳ ಬಂದಂತಾಗಿ ಗುಳೇದಗುಡ್ಡ ನೆನಪಾಯಿತು. ನೋಡಿದರೆ ಯಾರೋ ಪಂಪು ರಿಪೇರಿ ಮಾಡುತ್ತಿದ್ದರು.

ಟಾಕೀಸಿನ ಮಾಲೀಕರು ಮೊರಿತಾ ಎಂಬ ಅಜ್ಜ, ಎಂಬತ್ತು ದಾಟಿದವರು, ತಲೆಗೆ ಕೆಂಪು ಟೊಪ್ಪಿಗೆ. ನನ್ನ ಸೀರೆ ನೋಡಿ ಎರಡು ಹೆಜ್ಜೆ ಹಿಂದೆ ಸರಿದು ಬಾಗಿದರು. ನಾನು ಶರಣ್ರೀ ಎಂದು ಕೈ ಮುಗಿದೆ. ಅವರು ಮತ್ತೆ ಬಾಗಿದರು, ನಾನು ಮತ್ತೆ ಮುಗಿದೆ. ಯಾರು ಮೊದಲು ನಿಲ್ಲಿಸಬೇಕು ಎಂದು ಇಬ್ಬರಿಗೂ ತಿಳಿಯಲಿಲ್ಲ, ಕಡೆಗೆ ಯೂಕಿ ನಡುವೆ ಬಂದು ಬಿಡಿಸಿದಳು. ಒಳಗೆ ಅರವತ್ತು ಖುರ್ಚಿ, ಒಂಬತ್ತು ಮಂದಿ. ಎಲ್ಲರೂ ವಯಸ್ಸಾದವರು. ಮನೆಯಿಂದ ಹೇಳದೆ ಬಂದವರ ಮುಖ.

ದೀಪ ಆರಿತು. ಸಮುದ್ರ ಬಂತು.

ಬಣ್ಣ ಕೆಟ್ಟ ನಮ್ಮ ಟಿ.ವಿ.ಯಲ್ಲಿ ಅದು ಕೊಳೆಯಾದ ಹಸಿರು ನೀರು. ಇಲ್ಲಿ ಗೋಡೆ ತುಂಬ ಕರಿ ಬಿಳಿ ಸಮುದ್ರ, ಅದರ ದನಿ ಹೊಟ್ಟೆಯೊಳಗೆ ಬಂತು. ನಾವು ದನಿ ಸಣ್ಣದು ಮಾಡಿ ನೋಡಿದವರು, ಆ ಪ್ರಾಣಿಗೆ ಒಂದು ಕೂಗು ಇದೆ ಎಂದೇ ನನಗೆ ಗೊತ್ತಿರಲಿಲ್ಲ. ಕರು ಸತ್ತ ಎಮ್ಮೆ ಸಂಜೆಗೆ ಕೂಗುತ್ತದಲ್ಲ, ಹಾಗೆ ಕೂಗಿತು. ಬಾಲ ಎತ್ತಿದಾಗ ಮೇಲಿನಿಂದ ಎಳೆಯುವ ತಂತಿಗಳು ನನ್ನ ಕಣ್ಣಿಗೆ ಬಿದ್ದವು. ಎಳೆಯ ಕೆಲಸ ಮಾಡುವವಳಿಗೆ ಎಳೆ ಕಾಣದೆ ಇರುತ್ತದೆಯೇ? ಕಂಡರೂ ನಂಬಿಕೆ ಕಡಿಮೆಯಾಗಲಿಲ್ಲ, ಇಷ್ಟು ಮಂದಿ ಕೂಡಿ ಇದನ್ನು ಬದುಕಿಸಿದರಲ್ಲ ಎಂದು ಪ್ರೀತಿ ಹೆಚ್ಚಾಯಿತು. ಈಗಿನ ಕಂಪ್ಯೂಟರ್ ಪ್ರಾಣಿಗಳನ್ನು ಕಂಡರೆ ನಮ್ಮ ಮನೆಯವರಿಗೆ ಆಗುತ್ತಿರಲಿಲ್ಲ. ‘ಅದರೊಳಗ ಯಾರೂ ಇಲ್ಲ. ಇದರೊಳಗ ಒಬ್ಬ ಮನಿಷ್ಯಾ ಅದಾನ, ಅವಗ ಶಕಿ ಆಗಾಕ ಹತ್ತೇತಿ’ ಎನ್ನುತ್ತಿದ್ದರು. ಖರೆ ಮಾತು. ಪ್ರಾಣಿ ನಡೆಯುವಾಗ ಏದುಸಿರು ಬಿಡುವವನ ನಡಿಗೆ ಕಾಣುತ್ತಿತ್ತು.

ಒಂದೊಂದು ದೃಶ್ಯ ಬಂದಾಗಲೂ ಅವರ ಮಾತು ನನ್ನ ಕಿವಿಯಲ್ಲಿ ಮೊದಲೇ ಬಂದಿರುತ್ತಿತ್ತು. ಸೇತುವೆ ಮುರಿಯಿತು. ‘ಬೇಕ ಅಂತ ಮುರದಿಲ್ರಿ, ಕಾಲಿಗಿ ತಾಕೇತಿ.’ ಹುಡುಗಿಯನ್ನು ಬಗ್ಗಿ ನೋಡಿತು. ‘ಅಕಿ ಹೆಸರು ಕೇಳಾಕ ಹತ್ತೇತಿ.’ ಊರ ಕಡೆ ತಿರುಗಿತು.

ನಾನು ಕಾಯುತ್ತಿದ್ದೆ. ಏನು ಕಾಯುತ್ತಿದ್ದೆ ಎಂದು ಆ ಕ್ಷಣದಲ್ಲಿ ತಿಳಿಯಿತು. ನಾಲ್ಕು ಗೆರೆ ಹೊಡೆಯಬೇಕು, ಸನಾದಿ ಊದುವವರು ಕಾಣಬೇಕು, ಅಕ್ಕಿಕಾಳು ಬೀಳಬೇಕು, ತುರಾಯಿ ಸರಿ ಮಾಡಿಕೊಳ್ಳುತ್ತ ಅವರು ನನ್ನ ಕಡೆ ನೋಡಬೇಕು. ಗೆರೆ ಬರಲಿಲ್ಲ. ಪ್ರಾಣಿ ತನ್ನ ಪಾಡಿಗೆ ಮುಂದಿನ ಹೆಜ್ಜೆ ಇಟ್ಟಿತು, ಸಿನಿಮಾ ಮುಂದೆ ಹೋಯಿತು. ಪ್ರಾಣಿಯ ಕೊನೆ ನೋಡಲು ಬಂದೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದವಳು, ನಾನು ಬಂದದ್ದು ಅವರ ಮುಖ ನೋಡಲು. ಏಳು ಸಮುದ್ರದ ಆಚೆ ಅದು ಇರುವುದಿಲ್ಲ ಎಂದು ತಿಳಿಯದಷ್ಟು ಹುಚ್ಚಿ ಅಲ್ಲ ನಾನು. ಆದರೂ ಇದ್ದೀತು ಎಂದುಕೊಂಡಿದ್ದೆ. ಕತ್ತಲಲ್ಲಿ ಸೆರಗು ಬಾಯಿಗೆ ತುರುಕಿಕೊಂಡೆ. ರಜಿಯಾ ಕೈ ಹಿಡಿದಳು.

ದರ್ಜಿಯವರೇ, ಕಂಡಕ್ಟರ್ ಸಾಹೇಬರೇ, ಈಗ ಕೇಳಿರಿ. ಪ್ರಾಣಿ ಊರಿಗೆ ಹೋಗಿ ಒಂದೊಂದೇ ಮನೆಯ ಕಿಟಕಿಯಲ್ಲಿ ಬಗ್ಗಿ ನೋಡುತ್ತದೆ. ಯಾರನ್ನೋ ಹುಡುಕುತ್ತದೆ. ತೋಪು ಹೊಡೆಯುತ್ತಾರೆ, ಅದಕ್ಕೆ ಏನೂ ಆಗುವುದಿಲ್ಲ. ಆದರೆ ಅದು ನೀರಿನ ಜೀವ. ಬಿಸಿಲಿಗೆ ಮೈ ಒಣಗುತ್ತ ಬರುತ್ತದೆ, ಬೇಸಿಗೆಯ ಎರಿ ಹೊಲದಂತೆ ಬಿರಿಯುತ್ತದೆ. ಅದು ಸಮುದ್ರದ ಕಡೆ ತಿರುಗಿ ನಡೆಯುತ್ತದೆ. ಒಂದು ಮೊಣಕಾಲು ನಿಲ್ಲುತ್ತದೆ, ಅದನ್ನು ಎಳೆದುಕೊಂಡು ಹೋಗುತ್ತದೆ. ನೀರು ಇನ್ನು ಐವತ್ತು ಹೆಜ್ಜೆ ಇದೆ ಎನ್ನುವಾಗ ಒಂದು ಕೈ ಮುಂದೆ ಚಾಚುತ್ತದೆ, ಚಾಚಿದಂತೆಯೇ ಕಲ್ಲಾಗಿಬಿಡುತ್ತದೆ. ಬಾದಾಮಿಯ ಗುಡ್ಡ ನೋಡಿದವರಿಗೆ ಇದನ್ನು ನಂಬುವುದು ಕಷ್ಟವಲ್ಲ. ವರ್ಷಗಳು ಹೋಗುತ್ತವೆ. ಹೆಗಲ ಮೇಲೆ ಹುಲ್ಲು ಬೆಳೆಯುತ್ತದೆ, ಕೋಡಿನಲ್ಲಿ ಹಕ್ಕಿ ಗೂಡು ಕಟ್ಟುತ್ತದೆ. ಆ ಹುಡುಗಿ ದೊಡ್ಡವಳಾಗಿ, ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು, ಅದರ ಕಾಲ ಬಳಿ ಬಲೆ ಒಣಹಾಕುತ್ತಾಳೆ. ಅವಳು ಮೇಲೆ ನೋಡುವುದಿಲ್ಲ. ಅಲ್ಲಿಗೆ ಮುಗಿಯುತ್ತದೆ.

ಮೊರಿತಾ ಅವರ ಚಹಾ

ಹೊರಗಿನ ಸಣ್ಣ ಖೋಲಿಯಲ್ಲಿ ಮೊರಿತಾ ಅವರು ಚಹಾ ಕೊಟ್ಟರು. ಹಾಲಿಲ್ಲ, ಸಕ್ಕರೆ ಇಲ್ಲ, ಬೇಯಿಸಿದ ಸೊಪ್ಪಿನ ನೀರು. ಕುಡಿದೆ. ಬಾಲದ ತಂತಿ ಕಾಣಿಸಿತು ಎಂದು ನಾನು ಹೇಳಿಸಿದಾಗ ಅಜ್ಜ ಕಿವಿ ಮುಟ್ಟಿಕೊಂಡು ನಕ್ಕರು. ಮೇಲೆ ಹಲಗೆಯ ಮೇಲೆ ನಿಂತು ಬಾಲ ಎಳೆದ ಮೂವರಲ್ಲಿ ಅವರೂ ಒಬ್ಬರಂತೆ. ಪ್ರಾಣಿಯ ವೇಷದೊಳಗಿದ್ದವರು ಅವರ ಗೆಳೆಯರು, ಈಗಿಲ್ಲ. ಒಂದೊಂದು ದೃಶ್ಯ ಮುಗಿದ ಮೇಲೆ ವೇಷದ ಕಾಲು ಬಗ್ಗಿಸಿದರೆ ಬೆವರು ನೀರಿನಂತೆ ಸುರಿಯುತ್ತಿತ್ತಂತೆ.

‘ಕಡೀಕ ಕೈ ಚಾಚಿತಲ್ಲ, ಅದು ಕಥಿಯಾಗ ಇದ್ದಿದ್ದಿಲ್ಲಂತ’ ಎಂದು ಯೂಕಿ ಹೇಳಿದ್ದನ್ನು ರಜಿಯಾ ಹೇಳಿದಳು. ‘ಒಳಗಿದ್ದವರಿಗೆ ಏನೂ ಕಾಣ್ತಿದ್ದಿಲ್ಲಂತ, ಉಸರು ಕಟ್ಟಿತ್ತಂತ. ಯಾರರ ನನ್ನ ಕೈ ಹಿಡೀರಿ ಅಂತ ಚಾಚಿದ್ರಂತ ಚಿಗವ್ವಾ.’

ಅಜ್ಜ ಟೊಪ್ಪಿಗೆ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಪ್ರತಿ ಶನಿವಾರ ನೋಡುತ್ತೇನೆ, ಪ್ರತಿ ಶನಿವಾರ ಈ ಸಲವಾದರೂ ನೀರು ಮುಟ್ಟೀತು ಅನಿಸುತ್ತದೆ ಎಂದರು.

‘ನಮ್ಮೂರಾಗ ಅದು ಕಲ್ಲಾಗಿಲ್ರಿ’ ಎಂದೆ. ಯಾಕೆ ಹೇಳಿದೆನೋ, ಬಾಯಿಂದ ಬಂದುಬಿಟ್ಟಿತು. ಆಮೇಲೆ ಎಲ್ಲ ಹೇಳಬೇಕಾಯಿತು. ಸುರಗಿ ನೀರು, ಕ್ಯಾಸೆಟ್ಟಿನ ಹಲ್ಲು, ಹಂದರದ ಹಿಂದೆ ಕುಳಿತ ಪ್ರಾಣಿ, ಹೋಳಿಗೆ. ರಜಿಯಾ ಹೇಳುತ್ತ ನಕ್ಕಳು, ಯೂಕಿ ಹೇಳುತ್ತ ಕಣ್ಣು ಒರೆಸಿಕೊಂಡಳು. ಅಜ್ಜ ನಗಲೂ ಇಲ್ಲ, ಅಳಲೂ ಇಲ್ಲ. ನಿಮ್ಮ ಮನೆಯವರು ಟಿ.ವಿ. ಪಕ್ಕ ನಿಂತು ಕಥೆ ಹೇಳುತ್ತಿದ್ದರೇ ಎಂದು ಎರಡು ಸಲ ಕೇಳಿದರು. ಹೌದು ಎಂದೆ. ಅವರು ಎದ್ದು ನಮ್ಮನ್ನು ಗೋಡೆಯ ಬಳಿ ಕರೆದುಕೊಂಡು ಹೋದರು.

ಅಲ್ಲಿ ಒಂದು ಹಳೆಯ ಮರದ ಹಲಗೆ. ಮೇಲಿನಿಂದ ಕೆಳಗೆ ಬರೆದ ಏಳು ಹೆಸರುಗಳು. ಮೂಕಿ ಸಿನಿಮಾದ ಕಾಲದಲ್ಲಿ ಅವರ ದೇಶದಲ್ಲಿ ಪರದೆಯ ಪಕ್ಕ ನಿಂತು ಕಥೆ ಹೇಳುವವರು ಇದ್ದರಂತೆ. ಅವರಿಗೆ ಬೆನ್ಶಿ ಎನ್ನುತ್ತಿದ್ದರು. ಮಂದಿ ಸಿನಿಮಾ ನೋಡಲು ಬರುತ್ತಿರಲಿಲ್ಲ, ಇಂಥ ಬೆನ್ಶಿ ಹೇಳುತ್ತಾನೆ ಎಂದು ಬರುತ್ತಿದ್ದರು. ಈ ಟಾಕೀಸಿನ ಏಳು ಬೆನ್ಶಿಗಳ ಹೆಸರು ಅವು, ಕೊನೆಯದು ಮೊರಿತಾ ಅವರ ತಂದೆಯದು. ಮಾತಿನ ಸಿನಿಮಾ ಬಂದ ಮೇಲೆ ಆ ಹಲಗೆಗೆ ಹೊಸ ಹೆಸರು ಬಿದ್ದಿಲ್ಲ.

ಹುನಗುಂದದಲ್ಲಿ ನಮ್ಮ ಮನೆಯವರನ್ನು ಹುಚ್ಚ ಎಂದವರಿದ್ದರು, ಸಾಲಿ ಕಲಿಯದವ ಎಂದವರಿದ್ದರು. ನಾನೂ ಸಿಟ್ಟಿನಲ್ಲಿ ಅಂದಿದ್ದೇನೆ. ಇಲ್ಲಿ ಆ ಕೆಲಸಕ್ಕೆ ಒಂದು ಹೆಸರು ಇತ್ತು, ಮರ್ಯಾದೆ ಇತ್ತು. ಅವರಿಗೆ ಅದು ಗೊತ್ತಾಗಲೇ ಇಲ್ಲ. ಹಲಗೆಯ ಮುಂದೆ ನಿಂತು ಗಟ್ಟಿಯಾಗಿಯೇ ಅತ್ತೆ.

ಅಜ್ಜ ಒಳಗಿನಿಂದ ಕುಂಚ, ಮಸಿಯ ಬಟ್ಟಲು ತಂದರು. ಯೂಕಿಗೆ ಏನೋ ಹೇಳಿದರು. ಯೂಕಿ ರಜಿಯಾಳಿಗೆ ಹೇಳಿದಳು. ರಜಿಯಾ ನನ್ನ ಮುಖ ನೋಡಿದಳು.

‘ಏನಂತ?’

‘ಎಂಟನೇ ಹೆಸರು ಬರೀತಾರಂತ. ಕಾಕಾರ ಹೆಸರು ಕೇಳಾಕ ಹತ್ತ್ಯಾರ. ನಾ ಹೇಳ್ಲೇನು?’

ಇಷ್ಟುದ್ದ ಬರೆದರೂ ಅವರ ಹೆಸರು ಎಲ್ಲಿಯೂ ಬಂದಿಲ್ಲ, ಅದು ಮರೆವಲ್ಲ. ನಮ್ಮ ಕಡೆ ನನ್ನ ವಯಸ್ಸಿನ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ರೇಷನ್ ಕಾರ್ಡಿನವರು ಕೇಳಿದರೂ ಬಾಜೂಕಿನವಳಿಂದ ಹೇಳಿಸಿದ್ದೇನೆ. ಮದುವೆ ಮುಂಜಿಯಲ್ಲಿ ಹಿರಿಯರು ಹಟ ಹಿಡಿದರೆ ಒಂದು ಒಡಪು ಕಟ್ಟಿ, ಅದರ ನಡುವೆ ಹೆಸರು ಸೇರಿಸಿ ಹೇಳಿ ಓಡುತ್ತೇವೆ. ಅವರು ಹೋದ ಮೇಲೆ ನನಗೆ ಒಡಪು ಹೇಳು ಎಂದವರಿಲ್ಲ. ವಿಧವೆಗೆ ಯಾರು ಕೇಳುತ್ತಾರೆ?

‘ತಡಿ, ನಾನ ಹೇಳ್ತೇನಿ’ ಎಂದೆ. ಮೂರು ಮಂದಿಯೂ ಕಾದರು. ಸೆರಗು ತಲೆಯ ಮೇಲೆ ಎಳೆದುಕೊಂಡು ಹೇಳಿದೆ:

‘ಸಮುದ್ರದ ಪ್ರಾಣಿ ದಂಡಿಗಿ ಬಂದು ಕಲ್ಲಾತು,
ಸಂಗಪ್ಪನವರ ಹೆಸರು ಹೇಳಿದ್ರ ಎದಿ ಹಗರಾತು.’

ರಜಿಯಾ ಕಣ್ಣೀರಲ್ಲೇ ಚಪ್ಪಾಳೆ ಹೊಡೆದಳು. ಅಜ್ಜನಿಗೆ ಇಷ್ಟುದ್ದದ ಹೆಸರೇ ಎಂದು ಗಾಬರಿ. ಕುಂಚ ಎತ್ತಿಕೊಂಡು ಇನ್ನೊಮ್ಮೆ ಎಂದು ಸನ್ನೆ ಮಾಡಿದರು. ಇನ್ನೊಮ್ಮೆ ಒಡಪು ಹೇಳಿದೆ. ಅವರಿಗೆ ಎಲ್ಲಿ ಶುರು, ಎಲ್ಲಿ ಕೊನೆ ತಿಳಿಯಲಿಲ್ಲ, ತಲೆ ಬಾಗಿಸಿ ಕ್ಷಮೆ ಕೇಳಿ ಮತ್ತೊಮ್ಮೆ ಎಂದರು.

‘ಸಂಗಪ್ಪ’ ಎಂದೆ.

ಒಡಪು ಇಲ್ಲ, ಅವರು ಎನ್ನುವ ಮರ್ಯಾದೆಯೂ ಇಲ್ಲ. ಮದುವೆಯಾದಂದಿನಿಂದ ಮೊದಲ ಸಲ ನಾನು ಅವರನ್ನು ಹೆಸರು ಹಿಡಿದು ಕರೆದೆ, ಅವರು ಓ ಅನ್ನಲಿಲ್ಲ.